ಕೊಟ್ಟವರ ಹೆಸರಿನ ನುಡಿಗೂಡುಗಳು

ಗಾಳಿಕಟ್ಟೆ ಓಣಿ, ಗದಗ
ಉಳಿಕೆ ತಿಂಗಳ ಐದನೆಯ ದಿನ, 2151

ಪ್ರಮೀಳಜ್ಜಿಯವರಿಗೆ,

‘ಹೆಸರು ಕೊಟ್ಟವರದು, ಪಾತ್ರೆ ಉಂಡವರದು’ ಎಂಬ ಸಾಲೊಂದು ಈ ವಾರವೆಲ್ಲ ನನ್ನ ತಲೆಯಲ್ಲಿ ಸುತ್ತುತ್ತಿದೆ, ಅದೂ ಅರ್ಧಂಬರ್ಧ. ಎಲ್ಲಿ ಓದಿದೆನೋ, ಯಾರ ಬಾಯಲ್ಲಿ ಕೇಳಿದೆನೋ ನೆನಪಿಲ್ಲ. ಪಾತ್ರೆ ‘ಉಂಡವರದು’ ಎಂದಿತ್ತೋ ‘ತೊಳೆದವರದು’ ಎಂದಿತ್ತೋ ಎಂಬುದೂ ಖಚಿತವಿಲ್ಲ. ತೊಳೆದವರದು ಎಂದಿದ್ದರೆ ಹೆಚ್ಚು ನಿಜವಾಗುತ್ತಿತ್ತು. ಉಂಡವರು ಎದ್ದು ಹೋಗುತ್ತಾರೆ. ಆದರೆ ನನ್ನ ಅನುಮಾನ ಇರುವುದು ಸಾಲಿನ ಮೊದಲ ಅರ್ಧದ ಮೇಲೆ. ಹೆಸರು ಕೊಟ್ಟವರದೇ? ಇಟ್ಟುಕೊಂಡವರದಲ್ಲವೇ? ಅಥವಾ ಬೆಳಗೆದ್ದು ಅದನ್ನು ಕರೆಯುವವರದೇ?

ಪತ್ರದ ಮೇಲಿನ ತಾರೀಕು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಇಲ್ಲಿರುವ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು. ಎರಡಕ್ಕೂ ಕ್ಷಮೆಯಿರಲಿ. ನೀವು ನನ್ನ ಮುತ್ತಜ್ಜಿಯ ತಾಯಿ. ಇದನ್ನು ಓದುವಾಗ ನಿಮಗೆ ನನಗಿಂತ ಹತ್ತು ಹನ್ನೆರಡು ವರ್ಷ ಕಡಿಮೆಯೇ ಇರಬಹುದು, ಆದರೂ ಅಜ್ಜಿ ಎನ್ನದೆ ಬೇರೇನೂ ಬಾಯಿಗೆ ಬರುವುದಿಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನಗಳನ್ನು ವರ್ಷದ ತುದಿಯಲ್ಲಿ ಗಂಟು ಕಟ್ಟಿ ಉಳಿಕೆ ತಿಂಗಳು ಎನ್ನುತ್ತೇವೆ. ಆಗ ಹೊಸ ಕೆಲಸ ಹಿಡಿಯುವಂತಿಲ್ಲ, ಉಳಿದುಹೋದದ್ದನ್ನಷ್ಟೇ ಮುಗಿಸಬೇಕು. ಹರಿದ ಕೌದಿ ಹೊಲಿಯುತ್ತೇವೆ, ಎರವಲು ತಂದ ಜರಡಿ ಹಿಂದಿರುಗಿಸುತ್ತೇವೆ, ಮಾತು ಬಿಟ್ಟವರ ಮನೆಗೆ ಏನಾದರೂ ನೆಪ ಹುಡುಕಿಕೊಂಡು ಹೋಗುತ್ತೇವೆ. ಕಚೇರಿಗಳೂ ತಿದ್ದುಪಡಿಯ ಹೊರತು ಬೇರೇನೂ ಮಾಡುವುದಿಲ್ಲ.

ನಮ್ಮ ಬಗ್ಗೆ ನೀವು ಬಹಳ ಚಿಂತೆ ಮಾಡಿದ್ದಿರೆಂದು ಕೇಳಿದ್ದೇನೆ. ನಾವು ಚೆನ್ನಾಗಿದ್ದೇವೆ. ಬಿಸಿಲು ನೀವು ಹೆದರಿದಷ್ಟೇ ಬಂತು, ಆದರೆ ಅದರೊಡನೆ ಬದುಕುವುದನ್ನು ಕಲಿತೆವು. ನಸುಕಿನಲ್ಲಿ ಎದ್ದು ಹೊರಗಿನ ಕೆಲಸ ಮುಗಿಸುತ್ತೇವೆ. ಹೊತ್ತು ನೆತ್ತಿಗೇರಿದಾಗ ಬಾಗಿಲು ಮುಚ್ಚಿ ಮಲಗುತ್ತೇವೆ. ಅದಕ್ಕೆ ಹಗಲಿರುಳು ಎನ್ನುತ್ತೇವೆ. ಇಳಿಹೊತ್ತಿಗೆ ಮತ್ತೆ ಶಾಲೆ, ಸಂತೆ, ಮಾತುಕತೆ. ಕಪ್ಪತಗುಡ್ಡದ ಗಾಳಿ ಓಣಿಯ ನಡುವಿನ ಕಟ್ಟೆಯೊಳಗೆ ವಿದ್ಯುತ್ತಾಗಿ ಬಂದು ಸೇರಿ, ಅಲ್ಲಿಂದ ಮನೆಮನೆಗೆ ಹಂಚಿಹೋಗುತ್ತದೆ. ಆ ಕಟ್ಟೆಯ ಮೇಲೆ ಕುಳಿತರೆ ಬೆನ್ನಿಗೆ ಸಣ್ಣಗೆ ನಡುಕ ತಾಗುತ್ತದೆ. ಮುದುಕರಿಗೆ ಅದು ಹಿತ. ಜೋಳದ ರೊಟ್ಟಿ ಮಾತ್ರ ಬದಲಾಗಿಲ್ಲ.

ನೀವು ತೆರೆದ ಖಾತೆಯೂ ಹಾಗೇ ಇದೆ. ಹಾಡು, ನಾಟಕ, ಸಿನಿಮಾ ಎಲ್ಲ ಸಿಗಲೆಂದು ನೀವು ಯಾವುದೋ ಕಂಪನಿಯಲ್ಲಿ ಮಾಡಿಸಿದ್ದ ಖಾತೆ ಈಗ ಸ್ವರಕಣಜ ಎಂಬ ಸಂಸ್ಥೆಯ ಕೈಯಲ್ಲಿದೆ, ಇನ್ನೂ ನಿಮ್ಮ ಹೆಸರಿನಲ್ಲೇ ಇದೆ. ದೊಡ್ಡ ಬಿಸಿಲಿನ ವರ್ಷಗಳಲ್ಲಿ ಓಣಿಯವರೆಲ್ಲ ಹಗಲನ್ನು ಒಂದೇ ನೆಲಮಾಳಿಗೆಯಲ್ಲಿ ಕಳೆಯುತ್ತಿದ್ದರಂತೆ. ಅಷ್ಟೂ ಜನಕ್ಕೆ ನಿಮ್ಮದೊಂದೇ ಖಾತೆ ಸಾಕಾಯಿತು, ಆಮೇಲೆ ಯಾರೂ ಬೇರೆಯಾಗಲಿಲ್ಲ. ಟಿವಿ, ಫೋನುಗಳ ಜಾಗದಲ್ಲಿ ಈಗ ನುಡಿಗೂಡುಗಳಿವೆ. ಹಳೆಯ ಗೋಡೆಗಳಲ್ಲಿ ಹಣತೆ ಇಡಲು ಗೂಡು ಇರುತ್ತಿತ್ತಲ್ಲ, ಅದೇ ಆಕಾರ. ಹೆಸರು ಹಿಡಿದು ಕರೆದರೆ ಗೂಡು ‘ಓ’ ಎನ್ನುತ್ತದೆ, ಕೇಳಿದ್ದನ್ನು ಹಾಡುತ್ತದೆ. ಹೆಸರು ತಪ್ಪಿದರೆ ಸುಮ್ಮನಿರುತ್ತದೆ.

ಗೂಡುಗಳಿಗೆ ಹೆಸರಿಡುವುದರಲ್ಲಿ ನಮ್ಮ ಓಣಿಯದು ಬೇರೆಯೇ ಪದ್ಧತಿ. ನಿಮ್ಮ ಮದುವೆಗೆ ಬಂದ ಸ್ಟೀಲಿನ ಕೊಡವೊಂದು ನನ್ನ ಅಡುಗೆಮನೆಯಲ್ಲಿದೆ. ಅದರ ಕಂಠದ ಮೇಲೆ ಚುಕ್ಕೆ ಅಕ್ಷರದಲ್ಲಿ ಹುಲಕೋಟಿಯ ನಿಮ್ಮ ಸೋದರತ್ತೆಯ ಹೆಸರಿದೆ, ನಿಮ್ಮದಿಲ್ಲ. ನೀರು ತುಂಬಿದವರು ನೀವು, ಹೊತ್ತವರು ನೀವು, ಹೆಸರು ಮಾತ್ರ ಅತ್ತೆಯದು. ನಮ್ಮಲ್ಲಿ ನುಡಿಗೂಡನ್ನು ಯಾರೂ ತಮಗಾಗಿ ಕೊಳ್ಳುವುದಿಲ್ಲ. ಮನೆ ಕಟ್ಟಿದಾಗಲೋ ಮಗು ಹುಟ್ಟಿದಾಗಲೋ ಇನ್ನೊಬ್ಬರು ತಂದು ಕೂಡಿಸುತ್ತಾರೆ. ಖಾತೆಯಲ್ಲಿ ಅದಕ್ಕೆ ಬೀಳುವ ಹೆಸರು ಕೊಟ್ಟವರದೇ. ನನ್ನ ಮನೆಯ ಗೂಡು ‘ಬೀಬಿಜಾನ’, ಎದುರುಮನೆ ಮೆಹಬೂಬಿಯ ತಾಯಿ ಕೊಟ್ಟದ್ದು. ಮೆಹಬೂಬಿಯ ಮನೆಯದು ‘ಅನಸೂಯಾ’, ನನ್ನ ಅವ್ವ ಕೊಟ್ಟದ್ದು. ಮೂಲೆಮನೆಯ ಫಕೀರಪ್ಪನದು ಅವನ ಹೆಂಡತಿಯ ಅಣ್ಣನ ಹೆಸರಿನದು, ‘ಸಿದ್ಲಿಂಗಪ್ಪ’. ಭಾವನನ್ನು ಎದುರಿಗೆ ಬೈಯುವ ಧೈರ್ಯವಿಲ್ಲದ ಫಕೀರಪ್ಪ ಗೂಡನ್ನು ದಿನವೂ ಬೈದು ಸಮಾಧಾನಪಟ್ಟುಕೊಳ್ಳುತ್ತಾನೆ.

ಈ ಸಲ ಉಳಿಕೆ ತಿಂಗಳಿಗೆ ಮೊದಲು ಸ್ವರಕಣಜದಿಂದ ಸೂಚನೆ ಬಂತು. ಖಾತೆಯ ಬಹುಪಾಲು ಸಾಧನಗಳ ಹೆಸರು ತಪ್ಪಾಗಿದೆ. ಗೂಡಿನ ಹೆಸರು ಆ ಮನೆಯಲ್ಲಿ ವಾಸವಿರುವವರ ಹೆಸರಿಗಾಗಲಿ, ಬಾಗಿಲ ಮೇಲಿನ ಹೆಸರಿಗಾಗಲಿ ಹೊಂದಬೇಕು. ಹೊಂದದಿದ್ದರೆ ತಿಂಗಳ ಕೊನೆಗೆ ಗೂಡು ಖಾತೆಯಿಂದ ಕಳಚಿಕೊಳ್ಳುತ್ತದೆ. ಹಳೆಯ ಗೂಡುಗಳನ್ನು ಮತ್ತೆ ಜೋಡಿಸಲು ಬರುವುದಿಲ್ಲ, ಮೂಕವಾದರೆ ಮೂಕವೇ. ನಾನು ಕನ್ನಡ ಎಂ.ಎ. ಓದಿದವಳು, ಶಾಲೆಯಲ್ಲಿ ಪದ್ಯ ಕಲಿಸುವವಳು. ಹೆಸರು ತಿದ್ದುವ ಕೆಲಸ ಅಕ್ಕೋರದೇ ಎಂದು ಓಣಿಯವರು ತೀರ್ಮಾನಿಸಿದರು.

ತಿಂಗಳ ಮೊದಲ ದಿನವೇ ಕುಳಿತು ತಿದ್ದಿದೆ. ಬೀಬಿಜಾನ ಹೋಗಿ ನನ್ನ ಹೆಸರಾಯಿತು, ಅನಸೂಯಾ ಹೋಗಿ ಮೆಹಬೂಬಿ, ಸಿದ್ಲಿಂಗಪ್ಪ ಹೋಗಿ ಫಕೀರಪ್ಪ. ಖಾತೆಯ ತೀರ ಕೆಳಗೆ ನೀವಿಟ್ಟ ಹೆಸರುಗಳೂ ಇದ್ದವು: ‘ಹಾಲ್’, ‘ಅಪ್ಪನ ಫೋನ್’, ‘ಗೊತ್ತಿಲ್ಲದ ಸಾಧನ’, ‘ಹೊಸ ಟಿವಿ’. ನೂರು ವರ್ಷಕ್ಕೂ ಹಿಂದೆ ಸತ್ತುಹೋದ ಟಿವಿ ಇನ್ನೂ ಹೊಸದಾಗಿಯೇ ಇರುವುದನ್ನು ಕಂಡು ಒಬ್ಬಳೇ ನಕ್ಕೆ. ಮಾತಾಡದ ಸಾಧನಗಳನ್ನು ನಿಯಮ ಕೇಳುವುದಿಲ್ಲ, ಅವನ್ನು ಬಿಟ್ಟೆ. ಉಳಿದದ್ದೆಲ್ಲ ಸರಿಹೋಯಿತು, ಒಳ್ಳೆಯ ಕೆಲಸ ಮಾಡಿದೆನೆಂಬ ತೃಪ್ತಿಯಲ್ಲಿ ಮಲಗಿದೆ.

ಮರುದಿನ ನಸುಕಿನಲ್ಲಿ ಪಕ್ಕದ ಮನೆಯಿಂದ ರೊಟ್ಟಿ ಬಡಿಯುವ ಸದ್ದು ಬಂತು, ಹಾಡು ಬರಲಿಲ್ಲ.

ಪಕ್ಕದ ಮನೆಯವಳು ದ್ಯಾಮವ್ವ, ಎಪ್ಪತ್ತು ದಾಟಿದ ಒಂಟಿ ಹೆಂಗಸು. ಆಕೆ ಮತ್ತು ರೇವಕ್ಕ ನಲವತ್ತು ವರ್ಷ ಒಂದೇ ಖಾನಾವಳಿಯಲ್ಲಿ ಎದುರುಬದುರು ಕುಳಿತು ರೊಟ್ಟಿ ಬಡಿದವರು. ದ್ಯಾಮವ್ವ ಕಷ್ಟಪಟ್ಟು ತನ್ನ ಹೆಸರಿನಲ್ಲೊಂದು ಮನೆ ಮಾಡಿಕೊಂಡಾಗ ಗೂಡು ತಂದು ಕೂಡಿಸಿದವಳು ರೇವಕ್ಕ. ಹೋದ ವರ್ಷ ರೇವಕ್ಕ ತೀರಿಕೊಂಡಳು. ಗೂಡಿನಲ್ಲಿ ಅವಳ ದನಿ ಇಲ್ಲ, ಅವಳ ಹಾಡೂ ಇಲ್ಲ. ಎಲ್ಲರ ಗೂಡಿಗಿರುವ ಮಾಮೂಲಿ ದನಿಯೇ. ಇದ್ದದ್ದು ಹೆಸರೊಂದೇ. ಹಂಚು ಕಾಯುವ ಹೊತ್ತಿಗೆ ದ್ಯಾಮವ್ವ ಅದನ್ನು ಹೆಸರು ಹಿಡಿದು ಕರೆಯುವಳು, ಅದು ಓ ಎನ್ನುವುದು. ಹಾಕಿದ ಹಾಡು ಸರಿಯಿಲ್ಲವೆಂದು ಇವಳು ರೇಗುವಳು, ಅದು ಇನ್ನೊಂದು ಹಾಕುವುದು. ಗೋಡೆಯಾಚೆ ಮಲಗಿದ ನನಗೆ ಬೆಳಗಾದದ್ದು ಗೊತ್ತಾಗುತ್ತಿದ್ದುದೇ ಆ ಜಗಳದಿಂದ.

ಹೋಗಿ ನೋಡಿದೆ. ಆಕೆ ಸಿಟ್ಟಾಗಿರಲಿಲ್ಲ. ಬಿಸಿ ರೊಟ್ಟಿಯೊಂದನ್ನು ನನ್ನ ಮುಂದಿಟ್ಟು, ಎಣ್ಣೆ ಚಟ್ನಿಪುಡಿ ಹಾಕಿಕೊಟ್ಟು, ಒಲೆಯ ಕಡೆ ತಿರುಗಿಯೇ ಹೇಳಿದಳು:

“ರೇವಕ್ಕಾ ಅಂದೆ, ಸುಮ್ಮನ ಇತ್ತು. ಆಮ್ಯಾಲ ನೀವು ಹೇಳಿದಂಗ ದ್ಯಾಮವ್ವಾ ಅಂದೆ. ಓ ಅಂತು. ನನ್ನ ಹೆಸರ ನಾನ ಕೂಗಿ, ನಾನ ಓ ಅಂದಂಗಾತ್ರಿ ಅಕ್ಕೋರ. ಮನ್ಯಾಗ ಯಾರೂ ಇಲ್ಲ ಅಂತ ಇವತ್ತ ಗೊತ್ತಾತು.”

ಹೆಸರು ಹಿಂದಕ್ಕೆ ಹಾಕುವುದು ನನ್ನ ಕೈಯಲ್ಲೇ ಇತ್ತು. ಹಾಕಿದರೆ ಮೂರು ದಿನ ಹಾಡೀತು, ಆಮೇಲೆ ಶಾಶ್ವತವಾಗಿ ನಿಂತುಹೋದೀತು. ಸ್ವರಕಣಜವನ್ನು ಕೇಳಿದೆ. ಅಲ್ಲಿನವರು ಬಹಳ ಸೌಜನ್ಯದಿಂದ ಅದೇ ನಿಯಮ ಓದಿ ಹೇಳಿದರು: ಮನೆಯಲ್ಲಿ ವಾಸವಿರುವವರ ಹೆಸರು, ಇಲ್ಲವೇ ಬಾಗಿಲ ಹೆಸರು. ರೇವಕ್ಕ ಈಗ ಎಲ್ಲಿಯೂ ವಾಸವಿರಲಿಲ್ಲ.

ಅಂದು ಇಳಿಹೊತ್ತಿಗೆ ಗಾಳಿಕಟ್ಟೆಯ ಮೇಲೆ ಇದೇ ಮಾತು. ಫಕೀರಪ್ಪನೂ ಸಪ್ಪಗಿದ್ದ. ಬೆಳಿಗ್ಗೆ ಅಭ್ಯಾಸಬಲದಿಂದ ಗೂಡಿಗೆ ಬಾಯಿಗೆ ಬಂದದ್ದೆಲ್ಲ ಅಂದನಂತೆ. ಕೊನೆಗೆ ಹೆಸರು ಕೂಗುವಾಗ, ಬೈಸಿಕೊಂಡವನು ತಾನೇ ಎಂದು ತಿಳಿದು ನಾಷ್ಟಾ ಸೇರಲಿಲ್ಲವಂತೆ. ಅವನ ಹೆಂಡತಿ ಮಾತ್ರ ನೂರು ವರ್ಷಕ್ಕೊಮ್ಮೆಯಾದರೂ ಇಂಥ ನಿಯಮ ಬರಬೇಕೆಂದಳು. ನಗು ನಿಂತ ಮೇಲೆ ಎಲ್ಲರೂ ದ್ಯಾಮವ್ವನ ಮನೆಯ ಕಡೆ ನೋಡಿದೆವು. ಹತ್ತಿ ಬಿಡಿಸುತ್ತ ಕುಳಿತಿದ್ದ ಮೆಹಬೂಬಿ ತಲೆ ಎತ್ತದೆಯೇ ಅಂದಳು:

“ಗೂಡಿಗೆ ಮನೀ ಹೆಸರ ಇಡ್ರಿ ಅಂತಾರ. ಮನಿಗೇ ಗೂಡಿನ ಹೆಸರ ಇಟ್ರ ಬ್ಯಾಡ ಅಂತಾರೇನು?”

ಬೇಡ ಎನ್ನುವಂತಿರಲಿಲ್ಲ. ನಮ್ಮ ಬಾಗಿಲುಗಳ ಮೇಲೆ ಸುಟ್ಟ ಮಣ್ಣಿನ ಹೆಸರುಬಿಲ್ಲೆ ಇರುತ್ತದೆ. ಉಳಿಕೆ ತಿಂಗಳಲ್ಲಿ ಅದನ್ನು ಬದಲಿಸಲು ಅಕ್ಕಪಕ್ಕದವರು ಒಪ್ಪಿ ಹೆಬ್ಬೆಟ್ಟು ಒತ್ತಿದರೆ ಸಾಕು. ಊರ ಕಚೇರಿಗೆ ಹೋಗಿ ಕೇಳಿದರೆ, ಎಲ್ಲರಿಗೂ ಒಟ್ಟಿಗೆ ಏನಾಯಿತೆಂದು ಅಲ್ಲಿದ್ದವನು ಕಣ್ಣರಳಿಸಿದನೇ ಹೊರತು ತಡೆಯಲಿಲ್ಲ.

ನನಗೆ ಸಂಕೋಚವಿದ್ದದ್ದು ದ್ಯಾಮವ್ವನ ವಿಷಯದಲ್ಲಿ. ಅವಳ ಕುಲದಲ್ಲಿ ಬಾಗಿಲ ಮೇಲೆ ಹೆಸರು ಬರೆಸಿಕೊಂಡ ಮೊದಲ ಹೆಂಗಸು ಅವಳು. ಹಬ್ಬಕ್ಕೊಮ್ಮೆ ಆ ಬಿಲ್ಲೆಯ ಅಕ್ಷರಗಳ ಮೇಲೆ ಹೊಸದಾಗಿ ಕೆಮ್ಮಣ್ಣು ಎಳೆಯುತ್ತಿದ್ದಳು. ಅದನ್ನು ಅಳಿಸು ಎಂದು ಯಾವ ಬಾಯಿಂದ ಹೇಳುವುದು? ಹೇಳಬೇಕಾಗಲಿಲ್ಲ. ಮೆಹಬೂಬಿ ಕೆಮ್ಮಣ್ಣಿನ ಬಣ್ಣದ ಬಟ್ಟಲು ಹಿಡಿದು ಹೋಗುವಷ್ಟರಲ್ಲಿ ಆಕೆಯೇ ಸ್ಟೂಲು ಹತ್ತಿ ಒದ್ದೆ ಬಟ್ಟೆಯಿಂದ ತನ್ನ ಹೆಸರನ್ನು ಒರೆಸುತ್ತಿದ್ದಳು. ಮನೆ ಯಾರದೆಂದು ಓಣಿಯ ನಾಯಿಗೂ ಗೊತ್ತು, ಬಿಲ್ಲೆ ನೋಡಿ ತಿಳಿಯುವವರು ಯಾರಿದ್ದಾರೆ ಎಂದಳಂತೆ. ರೇವಕ್ಕನ ಹೆಸರಿನ ಕೊನೆಯ ಅಕ್ಷರ ಬರೆದು ಮುಗಿಯುವವರೆಗೂ ಕೆಳಗೆ ನಿಂತು ನೋಡಿದಳಂತೆ.

ಆ ಸಂಜೆ ಗೂಡುಗಳ ಹಳೆಯ ಹೆಸರುಗಳನ್ನೆಲ್ಲ ಹಿಂದಕ್ಕೆ ಹಾಕಿದೆ. ಈಗ ನಮ್ಮ ಓಣಿಯಲ್ಲಿ ನಡೆದರೆ ಮದುವೆಮನೆಯ ಪಾತ್ರೆಗಳ ಕಂಠ ಓದುತ್ತ ಹೋದಂತಾಗುತ್ತದೆ. ನಾನು ಬೀಬಿಜಾನಳ ಮನೆಯಲ್ಲಿದ್ದೇನೆ, ಮೆಹಬೂಬಿ ನನ್ನ ಅವ್ವನ ಮನೆಯಲ್ಲಿದ್ದಾಳೆ. ಫಕೀರಪ್ಪ ಒಂದು ಹಗಲು ಪೂರ್ತಿ ಹಿಂದೆಮುಂದೆ ನೋಡಿದ. ಬಂದ ಭಾವ ಬಾಗಿಲ ಮೇಲೆ ತನ್ನ ಹೆಸರು ಕಂಡರೆ ಮರಳಿ ಹೋಗಲಾರನೆಂಬ ಭಯ ಅವನದು. ಬೈಯಲು ಎದುರಿಗೇ ಸಿಗುತ್ತಾನಲ್ಲ ಎಂದು ಹೆಂಡತಿ ಸಮಾಧಾನ ಹೇಳಿದ ಮೇಲೆ ಒಪ್ಪಿದ.

ಅಜ್ಜಿ, ನಿಮ್ಮಲ್ಲಿ ಒಂದು ಕೋರಿಕೆ. ನೀವೂ ಒಂದು ಭಾನುವಾರ ಬಿಡುವು ಮಾಡಿಕೊಂಡು ಖಾತೆ ತೆರೆದು ಈ ಹೆಸರುಗಳನ್ನು ಸರಿಪಡಿಸಲು ಕೂರುತ್ತೀರಿ. ಅಪ್ಪನ ಫೋನು ಈಗ ಮಗಳ ಕೈಯಲ್ಲಿರುತ್ತದೆ, ‘ಹಾಲ್’ನಲ್ಲಿದ್ದದ್ದು ಮಲಗುವ ಕೋಣೆಗೆ ಹೋಗಿರುತ್ತದೆ, ಹೊಸ ಟಿವಿ ಹಳೆಯದಾಗಿರುತ್ತದೆ. ತಿದ್ದಬೇಡಿ ಎನ್ನುವುದಿಲ್ಲ. ಹಾಡು ಅಡುಗೆಮನೆಯಲ್ಲಿ ಕೇಳಿದರೆ ಮಲಗುವ ಕೋಣೆಯಲ್ಲಿ ಬಂದು ಕೂಸನ್ನು ಎಬ್ಬಿಸುವುದು ಕಿರಿಕಿರಿಯೇ. ಆದರೆ ತಿದ್ದುವ ಮುನ್ನ ಮನೆಯವರನ್ನು ಒಮ್ಮೆ ಕೇಳಿ. ನನಗೆ ತಪ್ಪು ಹೆಸರೆಂದು ಕಂಡದ್ದು ದ್ಯಾಮವ್ವನಿಗೆ ಜೊತೆಯಾಗಿತ್ತು. ಕೇಳಿದ್ದರೆ ಅವಳು ಮೊದಲೇ ಹೇಳುತ್ತಿದ್ದಳು. ‘ಹೊಸ ಟಿವಿ’ಯನ್ನಂತೂ ದಯವಿಟ್ಟು ಹಾಗೇ ಬಿಡಿ. ನೀವೆಲ್ಲ ಅದರ ಪೆಟ್ಟಿಗೆ ಬಿಚ್ಚಿದ ದಿನ ಹೇಗಿತ್ತೆಂದು ನಾನು ಊಹಿಸಿಕೊಳ್ಳುತ್ತಿರುತ್ತೇನೆ.

ಇವತ್ತು ತಿಂಗಳ ಕೊನೆಯ ದಿನ. ನಸುಕಿನಲ್ಲೇ ಸ್ವರಕಣಜದ ತಾಳೆಗಾರ್ತಿ ಬಂದಳು. ಗೂಡಿನ ಹೆಸರಿಗೂ ಬಾಗಿಲ ಹೆಸರಿಗೂ ತಾಳೆ ನೋಡುವ ಹುಡುಗಿ, ತಲೆಗೆ ಅಗಲವಾದ ನೆರಳುಟೋಪಿ. ನನ್ನ ಮನೆ ಮುಗಿಸಿ ಪಕ್ಕದ ಬಾಗಿಲಿಗೆ ಹೋದಳು. ನಾನು ಪತ್ರ ಬಿಟ್ಟು ಕಿಟಕಿಗೆ ಬಂದು ನಿಂತೆ. ಬಿಲ್ಲೆಯನ್ನು ನೋಡಿದಳು, ಕೈಯ ಹಲಗೆಯ ಮೇಲಿನ ಪಟ್ಟಿಯನ್ನು ನೋಡಿದಳು, ಎರಡೂ ಹೊಂದಿದವು. ಆದರೂ ಕ್ರಮದಂತೆ ಕೇಳಲೇಬೇಕಲ್ಲ, ರೇವಕ್ಕನವರ ಮನೆ ಇದೇ ತಾನೇ, ಅವರು ಮನೆಯಲ್ಲಿದ್ದಾರೆಯೇ ಎಂದು ಕೇಳಿದಳು. ಒಳಗೆ ಹಾಡು ನಡೆದಿತ್ತು. ದ್ಯಾಮವ್ವ ಹಿಟ್ಟಿನ ಕೈಯಲ್ಲೇ ಹೊಸ್ತಿಲಿಗೆ ಬಂದು ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ ಹೇಳಿದಳು:

“ಇದ ಮನಿ ತಂಗಿ. ಆಕಿ ಹಾಡಾಕತ್ತಾಳ, ನಾ ರೊಟ್ಟಿ ಬಡಿಯಾಕತ್ತೇನಿ. ನಿನಗ ಯಾರ ಬೇಕಾಗಿತ್ತು?”