ಒಂದು ಗೇಣು ಜಾಗ

ಹೋದ ಊರಲ್ಲೇ ಉಳಿದುಬಿಟ್ಟ ಅಪ್ಪನಿಗೆ,

ನಾನು, ಚೋಟು. ಮೊದಲೇ ಹೇಳಿಬಿಡುತ್ತೇನೆ, ನಿನ್ನ ಪೆಟ್ಟಿಗೆ ತೆಗೆದೆವು. ಎಂಟು ವರ್ಷ ಯಾರೂ ಮುಟ್ಟದಿದ್ದ ಪೆಟ್ಟಿಗೆಯನ್ನು ಈ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ, ನಿನ್ನ ಓದುವ ಕೋಣೆಯ ನೆಲದ ಮೇಲೆ ಮೂರು ಜನ ಕೂತು ತೆಗೆದೆವು. ನಾಲ್ಕೂ ಜನ ಸುತ್ತ ಕೂರುವ ತನಕ ಬೀಗಕ್ಕೆ ಕೈ ಹಾಕಬಾರದು ಎನ್ನುವುದು ನಿನ್ನ ಕಾನೂನು, ಮರೆತಿಲ್ಲ. ಅಮ್ಮ ನಿನ್ನ ಜಾಗದಲ್ಲಿ ನಿನ್ನ ಕನ್ನಡಕದ ಡಬ್ಬಿ ಇಟ್ಟಳು. ಅಣ್ಣ ಅದನ್ನು ನೋಡಿ ಕಿಟಕಿಯ ಕಡೆ ತಿರುಗಿಕೊಂಡ.

ನಿನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ನನಗೆ ಪೇಚಾಟ. ಶಾಲೆಯಲ್ಲಿ ಒಮ್ಮೆ "ನಮ್ಮಪ್ಪ ಅಳತೆ ಓದ್ತಾರೆ" ಅಂದೆ. ಟೀಚರು "ಓ, ಟೈಲರಾ?" ಅಂದರು. ಟೈಲರು ಅಮ್ಮ. ನೀನು ಹಳೆಯ ಕಾಲದ ಜನ ಬಟ್ಟೆಯನ್ನು, ಕಾಳನ್ನು, ಹಗ್ಗವನ್ನು, ನೆಲವನ್ನು ಹೇಗೆ ಅಳೆಯುತ್ತಿದ್ದರು ಎಂದು ಹುಡುಕಿಕೊಂಡು ದೇಶ ದೇಶ ಅಲೆದವನು. ಎಲ್ಲೋ ಹಳೆಯ ಸಂತೆಕಟ್ಟೆಯ ಗೋಡೆಯಲ್ಲಿ ಒಂದು ಕಬ್ಬಿಣದ ಸರಳು ಹುದುಗಿದೆ ಅಂದರೆ ಸಾಕು, ಎರಡು ರೈಲು ಬದಲಾಯಿಸಿ ಹೋಗಿ ಅದರ ಮುಂದೆ ಮಂಡಿಯೂರುತ್ತಿದ್ದೆ. "ಅಳತೆ ಅಂದ್ರೆ ಯಾರದೋ ಒಬ್ಬರ ಕೈ ಕಣೇ. ಆ ಕೈ ಯಾರದು ಅಂತ ಹುಡುಕೋದಷ್ಟೇ ನನ್ನ ಕೆಲಸ" ಅನ್ನುತ್ತಿದ್ದೆ. ದೊಡ್ಡ ದೊಡ್ಡ ಸಭೆಗಳಲ್ಲೂ ಇದನ್ನೇ ಸುತ್ತಿ ಬಳಸಿ ಹೇಳುತ್ತಿದ್ದೆಯಂತೆ. ನನಗೆ ಒಂದೇ ಸಾಲಿನಲ್ಲಿ ಹೇಳಿದ್ದೆ, ಅದೂ ನನ್ನ ಕಿವಿ ಹಿಂಡುತ್ತಾ.

ನಮ್ಮ ಕೈಗಳನ್ನೂ ಬಿಟ್ಟವನಲ್ಲ. ಪ್ರತಿ ಸಲ ಹೊರಡುವ ಮುಂಚೆ ಮೂವರನ್ನೂ ಮೇಜಿನ ಮುಂದೆ ಕೂರಿಸಿ, "ಬೆರಳು ಪೂರ್ತಿ ಅಗಲಿಸು, ಮೋಸ ಮಾಡಬೇಡ" ಎಂದು ನಮ್ಮ ಗೇಣು ಅಳೆದು ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಳ್ಳುತ್ತಿದ್ದೆ. ಎಲ್ಲರಿಗಿಂತ ಚಿಕ್ಕದು ನನ್ನದು, ಅದಕ್ಕೇ ನಾನು ಚೋಟು. ಕೆಲಸಕ್ಕೆ ಸೇರಿದ ಮೇಲೂ ಚೋಟು. ನನ್ನ ಮೇಲಧಿಕಾರಿ ಮನೆಗೆ ಬಂದಾಗ ಅವರ ಎದುರಿಗೂ ಚೋಟು. ಆಗ ಎಷ್ಟು ರೇಗಿದ್ದೆ ನಾನು!

ಎಷ್ಟು ದೂರ ಹೋದರೂ ಮನೆಯ ಗಡಿಯಾರದಲ್ಲಿ ಸಂಜೆ ಆರಾಯಿತೆಂದರೆ ನಿನ್ನ ಫೋನು ಬರುತ್ತಿತ್ತು. ಹೇಳಿದ ತಾರೀಖಿಗೆ ಬಾಗಿಲಲ್ಲಿ ಇರುತ್ತಿದ್ದೆ. ಅಮ್ಮನಿಗೆ ಗುಂಡಿಗಳು, ಶಾಲೆಯಲ್ಲಿ ಆಟ ಕಲಿಸುವ ಅಣ್ಣನಿಗೆ ಒಂದೊಂದು ಊರಿನ ಸೀಟಿ. ನನಗೆ ಮಾತ್ರ ಕೇಳಿಯೇ ತರುತ್ತಿದ್ದೆ, ನನ್ನ ಆಸೆಗಳಿಗೆ ತಲೆಬುಡ ಇರಲಿಲ್ಲವಲ್ಲ. ಹರಿದ ಬಸ್ ಟಿಕೆಟ್ಟು, ಸೇತುವೆ ಕೆಳಗಿನ ಕಲ್ಲು, ಒಮ್ಮೆ ಯಾರದೋ ಅಂಗಡಿಯ ತುಕ್ಕು ಹಿಡಿದ ಚಿಲಕ. ಕೇಳಿದ್ದನ್ನು ಕೇಳಿದ ಹಾಗೇ ತರುವವನು ನೀನು. ಬೇಡ ಅಂದರೆ ಬೇಡ, ಬೇಕು ಅಂದರೆ ಬೇಕು.

ಅದೇ ನನ್ನನ್ನು ಎಂಟು ವರ್ಷ ತಿಂದಿದ್ದು.

ನಿನ್ನ ಜೀವನದಲ್ಲಿ ಒಂದೇ ಒಂದು ಸಲ ತಾರೀಖು ತಪ್ಪಿಸಿದೆ, ಅದು ನನ್ನ ಮದುವೆಯ ದಿನ. ರಿಜಿಸ್ಟರ್ ಕಚೇರಿಯಲ್ಲಿ ಮೂರು ಸಹಿ, ಅರ್ಧ ಗಂಟೆಯ ಕೆಲಸ. ಯಾವುದೋ ವಸ್ತುಸಂಗ್ರಹಾಲಯದವರು ಇಪ್ಪತ್ತು ವರ್ಷದಿಂದ ಬೀಗ ಹಾಕಿದ್ದ ಉಗ್ರಾಣವನ್ನು ಅದೇ ವಾರ ತೆಗೆದರು. "ಐದೇ ದಿನ ತಡ ಆಗುತ್ತಮ್ಮ, ಬಂದು ನಿಮ್ಮಿಬ್ಬರನ್ನೂ ನೋಡ್ತೀನಿ. ಏನು ತರಲಿ ಹೇಳು" ಅಂದೆ. ನಾನು, "ನನಗೇನೂ ತರಬೇಡಿ. ನೀವು ನಿಮ್ಮ ಅಳತೆಗೋಲುಗಳ ಜೊತೆಗೇ ಇರಿ" ಅಂದೆ. ಹುಟ್ಟಿದಾಗಿನಿಂದ ನೀನು ಅಂದವನಿಗೆ ಅವತ್ತು ನೀವು ಅಂದೆ. ಬೇಕೆಂದೇ ಅಂದೆ, ಚುಚ್ಚಲಿ ಅಂತಲೇ ಅಂದೆ. ನೀನು "ಆಯ್ತಮ್ಮ" ಅಂದೆ.

ಆಮೇಲೆ ನಾಲ್ಕು ದಿನ ಆರು ಗಂಟೆಗೆ ನನಗೆ ನಿನ್ನ ಫೋನು ಬಂತು. ನಾನು ಪಕ್ಕದಲ್ಲೇ ಕೂತಿದ್ದೆ, ಎತ್ತಲಿಲ್ಲ. ಐದನೆಯ ದಿನ ಬೆಳಿಗ್ಗೆ ಬಂದ ಫೋನನ್ನು ಅಮ್ಮ ಎತ್ತಿದಳು. ಹೋಟೆಲಿನ ಮ್ಯಾನೇಜರು. ಕುರ್ಚಿಯಲ್ಲಿ ಕೂತ ಹಾಗೇ ಹೋಗಿಬಿಟ್ಟಿದ್ದಾರೆ, ಹೊರಡಲು ಪೆಟ್ಟಿಗೆ ಕಟ್ಟಿ ಬಾಗಿಲ ಹತ್ತಿರ ಇಟ್ಟುಕೊಂಡಿದ್ದರು ಎಂದು ಆತ ಹೇಳಿದನಂತೆ. ಮೊದಲು ನೀನು ಬಂದೆ, ಎರಡು ವಾರದ ನಂತರ ಪೆಟ್ಟಿಗೆ ಬಂತು.

ಅಮ್ಮನಿಗೆ ಸಂಕಟವಾಗುತ್ತದೆ, ತೆಗೆಯುವುದು ಬೇಡ ಎಂದು ಎಲ್ಲರಿಗೂ ಹೇಳಿದವಳು ನಾನು. ಅದು ಹಸಿ ಸುಳ್ಳು. ಹೆದರಿಕೆ ನನ್ನದು. ಒಳಗೆ ಎರಡೇ ಪೊಟ್ಟಣ ಇರುತ್ತವೆ ಎಂದು ನನಗೆ ಗೊತ್ತಿತ್ತು. ಪೆಟ್ಟಿಗೆ ಇದ್ದ ನಿನ್ನ ಓದುವ ಕೋಣೆಗೆ ಬೆನ್ನು ಹಾಕಿ ಕೂರಲು ಆಗುತ್ತಿರಲಿಲ್ಲ ಅಪ್ಪ. ಪೆಟ್ಟಿಗೆಯ ಕೊಂಡಿ ಟಕ್ ಅಂದ ಹಾಗಾಗಿ ಎದ್ದು ಹೋಗಿ ನೋಡುತ್ತಿದ್ದೆ, ಧೂಳು ಕೂಡ ಕದಲಿರುತ್ತಿರಲಿಲ್ಲ. ನನ್ನ ಮನೆಯಲ್ಲಿ, ಕಚೇರಿಯಲ್ಲಿ, ಬಸ್ಸಿನಲ್ಲಿ, ಎಲ್ಲಿದ್ದರೂ ಸಂಜೆ ಆರಕ್ಕೆ ಫೋನು ಕೇಳಿಸುತ್ತದೆ. ಸರಿಯಾಗಿ ಹನ್ನೊಂದು ಸಲ ಹೊಡೆದುಕೊಂಡು ನಿಲ್ಲುತ್ತದೆ, ಆ ನಾಲ್ಕು ದಿನ ಅಷ್ಟಾದ ಮೇಲೆ ನೀನು ಇಡುತ್ತಿದ್ದೆಯಲ್ಲ, ಹಾಗೇ. ಬಾರದ ಫೋನಿನ ಕಡೆ ನಾನು ತಿರುಗಿದಾಗ ನನ್ನ ಗಂಡ ಮೊದಮೊದಲು "ಯಾರದು?" ಅನ್ನುತ್ತಿದ್ದ. ಈಗ ಕೇಳುವುದಿಲ್ಲ, ಒಂದು ಲೋಟ ನೀರು ತಂದಿಡುತ್ತಾನೆ.

ಕಳೆದ ವಾರ ವಿಶ್ವವಿದ್ಯಾಲಯದ ಗ್ರಂಥಪಾಲಕರು ನಿನ್ನ ಕೊನೆಯ ಟಿಪ್ಪಣಿ ಪುಸ್ತಕ ಕೇಳಿದರು. ಅದು ಪೆಟ್ಟಿಗೆಯಲ್ಲಿದೆ. ನಾನು ಎಂದಿನಂತೆ ಅಮ್ಮನ ನೆವ ಹೇಳಹೊರಟೆ. ಅಮ್ಮ ಕತ್ತರಿ ಕೆಳಗಿಟ್ಟು, "ನನ್ನ ಹೆಸರು ಹೇಳ್ಕೊಂಡು ಎಷ್ಟು ದಿನ ಅಂತ ಬಚ್ಚಿಟ್ಕೋತೀಯೇ? ಒಳಗೆ ಏನೇ ಇರಲಿ, ನಾನು ಪಕ್ಕದಲ್ಲಿ ಕೂತಿರ್ತೀನಿ" ಅಂದಳು. ಅವಳಿಗೆ ಎಲ್ಲ ಗೊತ್ತಿತ್ತು ಅಪ್ಪ. ಮೊದಲ ದಿನದಿಂದಲೇ ಗೊತ್ತಿತ್ತಂತೆ.

ಎರಡೇ ಪೊಟ್ಟಣ ಇದ್ದವು. ಚಿಪ್ಪಿನ ಗುಂಡಿಗಳು, ಹಿತ್ತಾಳೆ ಸೀಟಿ. ಅಣ್ಣ ಮುಚ್ಚಳದ ಒಳಗೆ ನೀನು ಅಂಟಿಸಿದ್ದ ಪಟ್ಟಿಯನ್ನು ಓದುತ್ತಾ ಹೋದ. ಅಂಗಿ ನಾಲ್ಕು, ಟವೆಲು ಎರಡು, ಪುಸ್ತಕ ಮೂರು. ಕೊನೆಯ ಸಾಲಿಗೆ ಬಂದಾಗ ಪೆಟ್ಟಿಗೆಯನ್ನೇ ನನ್ನ ಕಡೆ ತಿರುಗಿಸಿದ.

"ಚೋಟು: ಬೇಡ ಅಂದಿದ್ದಾಳೆ. ಫೋನ್ ಎತ್ತುತ್ತಿಲ್ಲ. ಅವಳ ಕೈಯಳತೆಯ ಒಂದು ಗೇಣು ಜಾಗ ಬಿಟ್ಟಿದೆ. ನಾಳೆ ಮತ್ತೆ ಕೇಳಬೇಕು."

ಸೂಜಿ ತೂರಲೂ ಜಾಗವಿಲ್ಲದ ಹಾಗೆ ಪೆಟ್ಟಿಗೆ ತುಂಬುವವನು ನೀನು. ಆ ಮೂಲೆಯಲ್ಲಿ ಎರಡು ಟವೆಲುಗಳನ್ನು ಬಿಗಿಯಾಗಿ ಸುತ್ತಿ ಅತ್ತ ಒಂದು, ಇತ್ತ ಒಂದು ಒತ್ತಿಟ್ಟಿದ್ದೆ. ನಡುವೆ ಏನೂ ಇರಲಿಲ್ಲ. ನಾನು ಬೆರಳು ಅಗಲಿಸಿ ಕೈ ಇಟ್ಟೆ. ಹೆಬ್ಬೆರಳು ಒಂದು ಟವೆಲಿಗೆ ತಾಗಿತು, ಕಿರುಬೆರಳು ಇನ್ನೊಂದಕ್ಕೆ. ಅಮ್ಮ ನನ್ನ ಬೆನ್ನ ಮೇಲೆ ಕೈ ಇಟ್ಟಳು. ನಾನು ಬಿಕ್ಕಿ ಬಿಕ್ಕಿ ಅತ್ತೆ, ಎಂಟು ವರ್ಷದ್ದನ್ನೂ ಅತ್ತೆ.

ಟಿಪ್ಪಣಿ ಪುಸ್ತಕವನ್ನು ಗ್ರಂಥಾಲಯಕ್ಕೆ ಕೊಟ್ಟೆವು. ಟವೆಲುಗಳನ್ನು ಮಾತ್ರ ಯಾರಿಗೂ ತೆಗೆಯಲು ಬಿಟ್ಟಿಲ್ಲ. ಈ ಕಾಗದವನ್ನು ಗೇಣುದ್ದಕ್ಕೆ ಮಡಿಸಿ ಆ ಜಾಗದಲ್ಲಿ ಇಡುತ್ತೇನೆ. ಈಗ ಆರಕ್ಕೆ ಐದು ನಿಮಿಷವಿದೆ. ಫೋನಿನ ಪಕ್ಕದಲ್ಲೇ ಕೂತಿದ್ದೇನೆ. ಇವತ್ತು ಎತ್ತುತ್ತೇನೆ ಅಪ್ಪ. ಏನು ತರಲಿ ಎಂದು ಕೇಳು. ಏನೂ ಬೇಡ, ನೀನು ಬಾ ಅನ್ನುತ್ತೇನೆ. ಬರಲಾಗದು ಎಂದು ನೀನು ಹೇಳಿದರೆ, ಈ ಸಲ "ಆಯ್ತಪ್ಪ" ಅನ್ನುವುದು ನನ್ನ ಸರದಿ.

ಎಲ್ಲಿದ್ದರೂ ನಿನಗೆ ಕಿಟಕಿ ಪಕ್ಕದ ಸೀಟು ಸಿಗಲಿ, ಕೈಗೆ ಭಾರವಿಲ್ಲದ ಪ್ರಯಾಣವಾಗಲಿ.

ಇನ್ನೆಂದೂ ನಿನಗೆ ನೀವು ಅನ್ನದ,
ಚೋಟು