ಎತ್ತಿನ ಎಡಗೋಡು

ಸಿಂದಗಿ, ಮಾರ್ಚ್ ೨೦೦೧

ಪ್ರೇಮಕುಮಾರನಿಗೆ, ಆತ್ಮೀಯ ಎಂದು ಬರೆಯಲು ಮನಸ್ಸಾಗದ ಭುವನೇಶ್ವರಿ ಬರೆಯುವುದು.

ನಿನ್ನ ಕಾಗದ ಬಂತು. ಮುದ್ದೇಬಿಹಾಳದಲ್ಲಿ ಕಂಪ್ಯೂಟರ್ ಕ್ಲಾಸ್ ತೆರೆಯುತ್ತಿದ್ದೀಯಂತೆ. ಉದ್ಘಾಟನೆಗೆ ನನ್ನ ಎತ್ತು ಬೇಕಂತೆ, ಅದರ ಕೆಳಗೆ ನಿನ್ನ ಹೆಸರು ಬೇಕಂತೆ. ಕೇಳಲು ನಿನಗೆ ಬಾಯಾದರೂ ಹೇಗೆ ಬಂತು?

ಸಿಂದಗಿಯ ಸೆಂಟರಿನಲ್ಲಿ ನಾವಿಬ್ಬರೂ ಕಲಿಸುತ್ತಿದ್ದ ಕಾಲ. ವಾರ್ಷಿಕೋತ್ಸವಕ್ಕೆಂದು ಕೀಲಿಮಣೆಯ ಗೆರೆ, ಚುಕ್ಕಿಗಳಿಂದಲೇ ಎತ್ತಿನ ಮುಖ ಕಟ್ಟಿ, ಸಿ ಭಾಷೆಯ ಪ್ರೋಗ್ರಾಮಿನಲ್ಲಿ ಸಾಲು ಸಾಲಾಗಿ ಬರೆದಿದ್ದೆ. ಕೆಳಗಿದ್ದ ನನ್ನ ಹೆಸರು ಅಳಿಸಿ ನೀನು ನಿನ್ನದು ಹಾಕಿದೆ. ಕೇಳಿದ್ದಕ್ಕೆ ಎಲ್ಲರೆದುರೇ, "ಯಾಕ ಬೇ, ನಿನಗೇನ್ ಕೋಡ್ ಮೂಡ್ಯಾವೇನ? ಟೈಪಿಂಗ್ ಕಲಸೋದಷ್ಟ ನೋಡ್ಕೊ" ಅಂದೆ. ಆ ಮಾತು ಇವತ್ತಿಗೂ ಉರಿಯುತ್ತದೆ.

ಹೆಸರಷ್ಟೇ ಬದಲಿಸಿದ್ದರೆ ನೀನು ಗೆಲ್ಲುತ್ತಿದ್ದೆ. ಬಲಗೋಡಿನ ಗೆರೆಗಳು ಒಂಟಿ, ಎಡಗೋಡಿನವು ಜೋಡಿ ಇದ್ದದ್ದು ನಿನ್ನ ಕಣ್ಣಿಗೆ ಬಿತ್ತು. "ಹುಡುಗಿ ತಪ್ಪ ಬರದೈತಿ" ಎಂದು ಗೊಣಗಿ ಎಡಕ್ಕೂ ಒಂದೊಂದೇ ಉಳಿಸಿದೆ. ಪ್ರೋಗ್ರಾಮ್ ಓಡಿಸಿ ನೋಡುವ ವ್ಯವಧಾನವೂ ನಿನಗಿರಲಿಲ್ಲ. ಎಡಕ್ಕೆ ವಾಲುವ ಆ ಗೆರೆ ಬ್ಯಾಕ್‌ಸ್ಲ್ಯಾಷ್. ಒಂಟಿಯಾಗಿ ಬಂದರೆ ಕಂಪ್ಯೂಟರು ಅದನ್ನು ತನಗೆ ಮಾಡಿದ ಸನ್ನೆಯೆಂದು ತಿಳಿದು ನುಂಗಿಬಿಡುತ್ತದೆ. ಪರದೆಯ ಮೇಲೆ ಒಂದು ಕಾಣಬೇಕಾದರೆ ಎರಡು ಬರೆಯಬೇಕು. ನಿನ್ನ ಬೆನ್ನ ಹಿಂದೆಯೇ ನಿಂತಿದ್ದೆ. ಬೇಕೆಂದೇ ಬಾಯಿ ಬಿಡಲಿಲ್ಲ.

ಮರುದಿನ ವಾರ್ಷಿಕೋತ್ಸವದಲ್ಲಿ ಪರದೆಯ ಮೇಲೆ ಎತ್ತು ಬಂತು, ಎಡಗೋಡು ಬರಲಿಲ್ಲ. ಮುಂದೆ ಕೂತಿದ್ದ ದೇವಣಗಾಂವದ ಹಣಮಂತ್ರಾಯ ಕಾಕಾ, "ಮಾಸ್ತರ, ನಿಮ್ಮ ಎತ್ತಿನ ಕೋಡ ಯಾರ್ ಮುರದಾರ್ರಿ?" ಎಂದು ಕೂಗಿದ. ಸಭೆಗೆ ಸಭೆಯೇ ನಕ್ಕಿತು. ನೀನು ಎಷ್ಟು ಗುಂಡಿ ಒತ್ತಿದರೂ ಅದೇ ಒಂಟಿಗೋಡು. ಕೊನೆಗೆ ನಾನೇ ಎದ್ದು ಬಂದು ಕೋಡನ್ನೂ ನನ್ನ ಹೆಸರನ್ನೂ ಹಚ್ಚಿದೆ. ಅವತ್ತು ನನಗೆ ಹೊಟ್ಟೆ ತುಂಬ ಊಟ ಸೇರಿತು.

ನೀನು ಸಿಂದಗಿ ಬಿಟ್ಟ ಮೇಲೆ ಸಿಟ್ಟು ತಣ್ಣಗಾಯಿತು ಎಂದುಕೊಂಡಿದ್ದೆ. ಆದರೆ ನಿನ್ನ ಕಾಗದದಲ್ಲಿ ತಪ್ಪಾಯಿತು ಎಂಬ ಒಂದು ಮಾತಿಲ್ಲ. ಎತ್ತು ಕಳಿಸು, ಅಷ್ಟೇ. ನಾನೇನು ನಿನ್ನ ಮನೆಯ ಆಳೇ?

ಇರಲಿ, ಫ್ಲಾಪಿ ಕಳಿಸಿದ್ದೇನೆ. ಎತ್ತಿಗೆ ಎರಡೂ ಕೋಡಿವೆ, ಕೆಳಗೆ ನನ್ನ ಹೆಸರಿದೆ. ಧೈರ್ಯವಿದ್ದರೆ ಅಳಿಸು. ಉದ್ಘಾಟನೆಗೆ ಹಣಮಂತ್ರಾಯ ಕಾಕಾನನ್ನು ಕರೆದುಕೊಂಡು ಬರುತ್ತೇನೆ. ಇಬ್ಬರೂ ಮೊದಲ ಸಾಲಿನಲ್ಲೇ ಕೂರುತ್ತೇವೆ. ಎತ್ತು ಯಾರದೆಂದು ಅವನಿಗೆ ಚೆನ್ನಾಗಿ ಗೊತ್ತು, ಅವನ ದನಿ ಎಷ್ಟು ದೊಡ್ಡದೆಂದು ನಿನಗೆ ಗೊತ್ತು.

ನಿನ್ನ ಕ್ಲಾಸು ಬೆಳೆಯಲಿ. ನಿನಗೆ ಮಾತ್ರ ಮತ್ತೆ ಕೋಡು ಮೂಡದಿರಲಿ.

ಇಂತಿ, ಎತ್ತಿನ ಒಡತಿ,
ಭುವನೇಶ್ವರಿ