ತಮ್ಮನ ಪ್ರೆಸ್ಸಿನ ಓಪನಿಂಗ್

ಕೆಲ್ಲಿವಿಲ್, ಸಿಡ್ನಿ

ಪ್ರೀತಿಯ ತಮ್ಮ ವಿರುಪಾಕ್ಷ,

ಮೆಲ್ಬರ್ನ್‌ನಲ್ಲಿ ನಿನ್ನ ಪ್ರೆಸ್ಸಿನ ಓಪನಿಂಗ್ ದಿನ ನಾನು ಊಟ ಮಾಡದೆ ಹೊರಟದ್ದು ತಲೆನೋವಿನಿಂದಲ್ಲ, ಹೊಟ್ಟೆಕಿಚ್ಚಿನಿಂದ. ಹುಬ್ಬಳ್ಳಿಯಲ್ಲಿ ನಿನಗೆ ಅಚ್ಚುಮೊಳೆ ಜೋಡಿಸಲು ಕಲಿಸಿದವನು ನಾನು. ಭಾಷಣದಲ್ಲಿ ನೀನು ನನ್ನ ಹೆಸರನ್ನೇ ಎತ್ತಲಿಲ್ಲ.

ಮೊನ್ನೆ ಮಗಳು ಸಂಧ್ಯಾರಾಣಿ ಬೆಂಜಮಿನ್ ಫ್ರಾಂಕ್ಲಿನ್‌ನ ಜೀವನಚರಿತ್ರೆ ಓದಿ ಹೇಳಿದಳು. ಅವನಿಗೆ ಮುದ್ರಣ ಕಲಿಸಿದ ಅಣ್ಣ ಜೇಮ್ಸ್ ಬಹಳ ಹೊಡೆಯುತ್ತಿದ್ದನಂತೆ, ತಮ್ಮ ಓಡಿಹೋದನಂತೆ. ಕೊನೆಗೆ ಕಾಯಿಲೆ ಬಿದ್ದ ಅಣ್ಣ, ತನ್ನ ಮಗನಿಗೆ ಕೆಲಸ ಕಲಿಸು ಎಂದು ಆ ತಮ್ಮನನ್ನೇ ಕೇಳಿದನಂತೆ.

"ಅಪ್ಪಾ, ನೀವೂ ಕಾಕಾಗ ಹೊಡೀತಿದ್ರೇನು?" ಎಂದಳು.

"ಹೂಂ, ಭಾಳ ಹೊಡದೀನವ್ವಾ," ಎಂದೆ.

ಅವಳಿಗೂ ಮುದ್ರಣದ ಹುಚ್ಚು. ಕಾಯಿಲೆ ಬೀಳುವ ತನಕ ನಾನು ಕಾಯುವುದಿಲ್ಲ, ಈಗಲೇ ಕೇಳುತ್ತಿದ್ದೇನೆ. ಅವಳಿಗೆ ಕೆಲಸ ಕಲಿಸು. ನಾನು ಕಲಿಸಿದ ಹಾಗೆ ಮಾತ್ರ ಕಲಿಸಬೇಡ.

ನಿನ್ನ ಅಣ್ಣ,
ಚನ್ನಮಲ್ಲಪ್ಪ